ಹೂಂಗುಟ್ಟಲು ಒಬ್ಬರು

ಜರ್ಮನಿಯ ಉತ್ತರಕ್ಕೆ, ಬ್ರೆಮೆನ್ ಪಕ್ಕದ ಒಂದು ಊರಿನಲ್ಲಿ, ಮನೆ ಬೆಚ್ಚಗಿಡುವ ಬಾಯ್ಲರುಗಳನ್ನು ಮಾಡುವ ಕಂಪನಿಯೊಂದಿದೆ. ಅಲ್ಲಿಯ ಚಳಿಯಲ್ಲಿ ಬಾಯ್ಲರ್ ಕೈಕೊಟ್ಟರೆ ಮನುಷ್ಯರ ಹಲ್ಲು ಕಟಕಟ ಅನ್ನುತ್ತವಂತೆ. ಹಾಗೆ ಹಲ್ಲು ಕಡಿಯುತ್ತಾ ಕಂಪನಿಗೆ ಫೋನ್ ಮಾಡಿದವರಿಗೆ ಮೊದಲು ಸಿಗುವುದು ಒಬ್ಬ ಹೆಂಗಸಿನ ದನಿ. ಗಾಬರಿಯಾಗಬೇಡಿ, ನಿಮ್ಮ ಕರೆ ನಮಗೆ ತಲುಪಿದೆ, ದಯವಿಟ್ಟು ಸ್ವಲ್ಪ ಕಾಯಿರಿ ಎಂದು ಅದು ಅಚ್ಚ ಜರ್ಮನ್‌ನಲ್ಲಿ ಹೇಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಒಂದನ್ನು ಒತ್ತಿ, ನಿಮ್ಮನ್ನು ಮೊದಲು ಮಾತಾಡಿಸುತ್ತೇವೆ ಎಂದೂ ಹೇಳುತ್ತದೆ. ಎಂಟು ವರ್ಷದಿಂದ ಆ ಊರಿನವರು ಆ ದನಿಯನ್ನು ನಂಬಿ ಕಂಬಳಿ ಹೊದ್ದು ಕಾಯುತ್ತಿದ್ದಾರೆ. ಆಕೆ ಕೋಲ್ಕತ್ತಾದ ಗರಿಯಾಹಾಟ್‌ನಲ್ಲಿ, ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾಳೆಂದು ಅವರಿಗೇನು ಗೊತ್ತು.

ಪ್ರಫುಲ್ಲಾ ಭದ್ರಾವತಿಯವಳು. ಅಪ್ಪ ಉಕ್ಕಿನ ಕಾರ್ಖಾನೆಯ ಎಂಜಿನಿಯರು. ಅವಳಿಗೆ ನಾಲ್ಕು ವರ್ಷವಿದ್ದಾಗ ಜರ್ಮನಿಯ ಡೂಯಿಸ್‌ಬರ್ಗ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು ಸಂಸಾರ ಸಮೇತ ಹೋಗಿ, ಹನ್ನೆರಡು ವರ್ಷ ಅಲ್ಲೇ ಇದ್ದು ಬಂದವರು. ಹಾಗಾಗಿ ಅವಳಿಗೆ ಜರ್ಮನ್ ಕಲಿತು ಬಂದದ್ದಲ್ಲ, ಕುಣಿದಾಡುತ್ತಾ ಬಂದದ್ದು. ಮದುವೆಯಾದದ್ದು ಧಾರವಾಡದ ಋಷಿಕೇಶನನ್ನು. ಅವನು ರೈಲ್ವೆಯ ಸಿಗ್ನಲ್ ವಿಭಾಗದ ಅಧಿಕಾರಿ, ಈಗ ಕೋಲ್ಕತ್ತಾದ ಬಿಬಿಡಿ ಬಾಗ್‌ನಲ್ಲಿ ಕಚೇರಿ. ಗಂಡನ ವರ್ಗಾವಣೆಗಳ ಹಿಂದೆ ಊರೂರು ಸುತ್ತುತ್ತಾ ಪ್ರಫುಲ್ಲಾಳ ಜರ್ಮನ್ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯಂತೆ ಬಳಕೆಯಿಲ್ಲದೆ ಬಿದ್ದಿತ್ತು. ಕೋಲ್ಕತ್ತಾಕ್ಕೆ ಬಂದ ಮೇಲೆ, ನಲವತ್ತಾರನೇ ವಯಸ್ಸಿನಲ್ಲಿ, ಕಂಪನಿಗಳ ಫೋನುಗಳಿಗೆ ದನಿ ಕೊಡುವ ಈ ಕೆಲಸ ಸಿಕ್ಕಿತು. ಮೊದಲ ಗಿರಾಕಿಯೇ ಈ ಬಾಯ್ಲರ್ ಕಂಪನಿ. ಮುನ್ನೂರ ನಲವತ್ತು ವಾಕ್ಯಗಳು. ಆಮೇಲೆ ದಂತವೈದ್ಯರು, ವಕೀಲರು, ಬೀಗದ ಕಾರ್ಖಾನೆ ಎಂದು ಇಪ್ಪತ್ತು ಮೂವತ್ತು ಕಡೆಗೆ ಅವಳು ಮಾತಾಡಿದ್ದಳು. ಆದರೂ ಚೊಚ್ಚಲ ಮಗುವಿನ ಮೇಲಿನ ಮಮತೆಯೇ ಬೇರೆ. ಬ್ರೆಮೆನ್ ಕಡೆ ಹಿಮ ಬಿತ್ತೆಂದು ಸುದ್ದಿಯಲ್ಲಿ ಕಂಡರೆ, ಇವತ್ತು ನನಗೆ ಕೆಲಸ ಜಾಸ್ತಿ ಅನ್ನುವಳು. ಇಡೀ ಜರ್ಮನಿಗೆ ನಯವಾಗಿ ಮಾತಾಡಿ, ಗಂಡನ ಪಾಲಿಗೆ ಬರುವಷ್ಟರಲ್ಲಿ ನಯವೆಲ್ಲ ಖರ್ಚಾಗಿರುತ್ತದೆ ಎಂಬುದು ಋಷಿಕೇಶನ ಕಾಯಂ ದೂರು.

ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಕಂಪನಿಗೆ ಹೊಸ ವಿಭಾಗ ಬಂದಾಗ, ಹೊಸ ವೇಳಾಪಟ್ಟಿ ಬಂದಾಗ, ಹೊಸ ವಾಕ್ಯಗಳನ್ನು ಹಳೆಯವುಗಳ ನಡುವೆ ಸೇರಿಸಬೇಕು. ಹಳೇ ಸೀರೆಗೆ ತೇಪೆ ಹಾಕಿದ್ದು ಕಾಣಬಾರದು. ಕೇಳುವವನಿಗೆ ಒಂದೇ ಹೆಂಗಸು ಒಂದೇ ಉಸಿರಿನಲ್ಲಿ ಮಾತಾಡಿದಂತಿರಬೇಕು. ಈ ವರ್ಷ ಏಪ್ರಿಲ್‌ನಲ್ಲಿ ಬಾಯ್ಲರ್ ಕಂಪನಿ ಮನೆ ಬೆಚ್ಚಗಿಡುವ ಹೀಟ್ ಪಂಪ್ ಎಂಬ ಹೊಸ ಯಂತ್ರ ಮಾರಲು ಶುರುಮಾಡಿ, ಇಪ್ಪತ್ಮೂರು ಹೊಸ ವಾಕ್ಯಗಳನ್ನು ಕಳಿಸಿತು. ಪ್ರಫುಲ್ಲಾ ಕಸ್ಬಾ ಬಡಾವಣೆಯ ಸ್ಟುಡಿಯೋಗೆ ಹೋಗಿ, ಒಂದು ಗಂಟೆಯಲ್ಲಿ ಮುಗಿಸಿ, ಬರುವಾಗ ಸಂದೇಶ್ ಮಿಠಾಯಿ ಕಟ್ಟಿಸಿಕೊಂಡು ಬಂದಳು. ವಾರದ ಮೇಲೆ ಕಂಪನಿಯ ಫೋನುಗಳ ಉಸ್ತುವಾರಿ ನೋಡುವ ಫ್ರಾವ್, ಅಂದರೆ ಶ್ರೀಮತಿ, ಲೂಡರ್ಸ್ ಎಂಬಾಕೆ ಬರೆದರು: ಉಚ್ಚಾರ ಚೆನ್ನಾಗಿದೆ, ಸ್ಪಷ್ಟವಾಗಿದೆ, ಆದರೆ ಹಳೆಯದರ ಜೊತೆ ಕೂಡುತ್ತಿಲ್ಲ.

ಎರಡನೇ ಸಲ ಮಾಡಿ ಕಳಿಸಿದಳು. ಈ ಸಲದ ಉತ್ತರ ಇನ್ನೂ ವಿನಯದ್ದು, ಹಾಗಾಗಿ ಇನ್ನೂ ಹೆಚ್ಚು ಚುಚ್ಚಿತು. ಬೇರೆ ಯಾರೋ ಬಂದು ನಿಮ್ಮ ಕುರ್ಚಿಯಲ್ಲಿ ಕೂತಂತೆ ಕೇಳಿಸುತ್ತದೆ, ಎಂಟು ವರ್ಷದಲ್ಲಿ ಯಾರ ದನಿಯಾದರೂ ಬದಲಾಗುವುದು ಸಹಜ, ಅದು ನಿಮ್ಮ ತಪ್ಪಲ್ಲ ಎಂದು ಫ್ರಾವ್ ಲೂಡರ್ಸ್ ಬರೆದಿದ್ದರು. ಮೇ ತಿಂಗಳ ಕೊನೆಯೊಳಗೆ ಹೊಂದದಿದ್ದರೆ ಹಳೆಯ ಮುನ್ನೂರ ನಲವತ್ತನ್ನೂ ತೆಗೆದು, ಎಲ್ಲವನ್ನೂ ಕಂಪ್ಯೂಟರಿನ ದನಿಯಲ್ಲೇ ಹೊಸದಾಗಿ ಮಾಡಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು.

ಪ್ರಫುಲ್ಲಾ ಆ ಪತ್ರವನ್ನು ಯಾರಿಗೂ ತೋರಿಸದೆ ಅಡುಗೆಮನೆಗೆ ಹೋಗಿ ಪಟಲ್ ಕಾಯಿ ಹೆಚ್ಚತೊಡಗಿದಳು. ಕಣ್ಣೀರು ಬಂತು. ಈರುಳ್ಳಿಯ ಮೇಲೆ ತಪ್ಪು ಹೊರಿಸೋಣವೆಂದರೆ ಈರುಳ್ಳಿ ಇರಲಿಲ್ಲ. ಬೇರೆ ಇಪ್ಪತ್ತು ಮೂವತ್ತು ಕಡೆ ತನ್ನ ದನಿ ಇದೆ, ನಿಜ. ಆದರೆ ಯಾರದೋ ಮನೆ ತಣ್ಣಗಾದಾಗ ಅವರ ಕಿವಿಗೆ ಮೊದಲು ಬೀಳುವ ಮಾತು ತನ್ನದು ಎಂಬ ಹೆಮ್ಮೆ ಇದ್ದದ್ದು ಇದೊಂದರಲ್ಲೇ. ಆ ಜಾಗದಿಂದ ತನ್ನನ್ನು ಎಬ್ಬಿಸುತ್ತಾರೆಂಬುದು ಅವಳಿಗೆ ಸಹಿಸಲಾಗಲಿಲ್ಲ.

ಆಮೇಲಿನ ಹತ್ತು ದಿನ ಮನೆಯಲ್ಲಿ ಗಂಟಲಿನದೇ ಆರೈಕೆ. ಜ್ಯೇಷ್ಠಮಧು ಕಷಾಯ, ಉಪ್ಪುನೀರು, ಮೂರು ದಿನ ಮೌನವ್ರತ. ಮೌನವ್ರತವನ್ನು ಇನ್ನೂ ನಾಲ್ಕು ದಿನ ಮುಂದುವರಿಸಿದರೆ ಒಳ್ಳೆಯದೇನೋ ಎಂದು ಋಷಿಕೇಶ ಬಹಳ ಕಾಳಜಿಯಿಂದ ಸೂಚಿಸಿದ. ಸ್ಟುಡಿಯೋದಲ್ಲಿ ದನಿ ತಿದ್ದುವ ಕೆಲಸ ಮಾಡುವ ಸ್ಫೂರ್ತಿ ಎಂಬ ಬೆಂಗಳೂರಿನ ಹುಡುಗಿ ಹಳೇ ಫೈಲು, ಹೊಸ ಫೈಲು ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ಅಳೆದಳು. ಏರಿಳಿತ ಅದೇ, ವೇಗ ಅದೇ, ಗಂಟಲು ಒಂದು ಕೂದಲಿನಷ್ಟೂ ಬದಲಾಗಿಲ್ಲ ಎಂದು ತೀರ್ಪು ಕೊಟ್ಟಳು.

"ಆಂಟಿ, ವಾಯ್ಸ್ ಅದೇ ಇದೆ. ಆದ್ರೆ ಹಳೇದ್ರಲ್ಲಿ ನೀವು ಯಾರ ಜೊತೇನೋ ಮಾತಾಡ್ತಿದೀರ, ಹೊಸದ್ರಲ್ಲಿ ಓದ್ತಿದೀರ," ಅಂದಳು ಸ್ಫೂರ್ತಿ.

ಪ್ರಫುಲ್ಲಾ ಮನೆಗೆ ಬಂದವಳೇ ಕಪಾಟಿನ ತಳದಿಂದ ಹಳೇ ಹಾರ್ಡ್ ಡಿಸ್ಕ್ ಹುಡುಕಿ ತೆಗೆದಳು. ಎಂಟು ವರ್ಷದ ಹಿಂದಿನ ಅಸಲು ಧ್ವನಿಮುದ್ರಣ ಅದರಲ್ಲಿತ್ತು. ಹೆಡ್‌ಫೋನ್ ಹಾಕಿಕೊಂಡು, ಬಾಗಿಲು ಮುಚ್ಚಿ, ದನಿಯನ್ನು ಪೂರ್ತಿ ಏರಿಸಿ ಕೇಳಿದಳು. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದನ್ನು ಒತ್ತಿ ಎಂಬ ವಾಕ್ಯ ಮುಗಿಯಿತು. ಅದರ ನಂತರದ ನಿಶ್ಶಬ್ದದಲ್ಲಿ ಉಸಿರಿಗಿಂತ ತುಸು ಗಟ್ಟಿಯಾಗಿ ಏನೋ ಸುಳಿಯಿತು. ಮತ್ತೆ ಕೇಳಿದಳು. ಮೂರನೇ ಸಲಕ್ಕೆ ಅನುಮಾನವೇ ಉಳಿಯಲಿಲ್ಲ. ಅದು "ಹೂಂ." ಅದು ಅವಳ ಅತ್ತೆ ಸುಭದ್ರಾಬಾಯಿಯವರ ಹೂಂ.

ಅವಳಿಗೆ ಆ ಮಧ್ಯಾಹ್ನಗಳೆಲ್ಲ ನೆನಪಾದವು. ಆಗ ಸ್ಟುಡಿಯೋ ಗೀಡಿಯೋ ಏನೂ ಇರಲಿಲ್ಲ. ಹಿಂದಿನ ಕೋಣೆಯ ಎರಡು ಬೀರುಗಳ ನಡುವೆ ಹಗ್ಗ ಕಟ್ಟಿ, ಅತ್ತೆ ಧಾರವಾಡದಿಂದ ತಂದಿದ್ದ ಕೌದಿಗಳನ್ನು ಸುತ್ತಲೂ ಇಳಿಬಿಟ್ಟು, ಫ್ಯಾನು ಆರಿಸಿ, ಒಳಗೆ ಕೂತು ಮಾತಾಡುತ್ತಿದ್ದಳು. ಅತ್ತೆಗೆ ಇದು ಒಂಚೂರೂ ಹಿಡಿಸಿರಲಿಲ್ಲ. ಕೌದಿಯ ಬಗ್ಗೆ ಅಭ್ಯಂತರವಿಲ್ಲ, ಒಬ್ಬಳೇ ಕೂತು ಮಾತಾಡುವುದರ ಬಗ್ಗೆ. ಮೊದಲನೇ ದಿನವೇ ಮಣೆ ತಂದು ಎದುರಿಗೆ ಹಾಕಿಕೊಂಡು ಕೂತುಬಿಟ್ಟಿದ್ದರು.

"ಹೂಂ ಅನ್ನವ್ರಿಲ್ಲದ ಮಾತು ಗ್ವಾಡಿಗೆ ಹೇಳಿದಂಗ ಪ್ರಫುಲ್ಲಾ. ನೀ ಹೇಳು, ನಾ ಕೇಳ್ತೇನಿ," ಅಂದಿದ್ದರು.

ಅವರು ಬೆಳೆದದ್ದು ಹಾಗೆ. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳಲ್ಲಿ ಒಬ್ಬರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಆರು ಮೊಮ್ಮಕ್ಕಳಲ್ಲಿ ನಿದ್ದೆ ತಡೆದು ಕೊನೆಯವರೆಗೆ ಹೂಂಗುಟ್ಟುತ್ತಿದ್ದವಳು ತಾನೇ ಎಂದು ಅವರಿಗೆ ಇಂದಿಗೂ ಜಂಭ. ಜರ್ಮನ್ ಒಂದಕ್ಷರ ಬಾರದಿದ್ದರೂ ಸೊಸೆಯ ಮುಖ ನೋಡುತ್ತಾ ಮಾತು ಎಲ್ಲಿ ಮುಗಿಯಿತೆಂದು ಹಿಡಿದುಬಿಡುತ್ತಿದ್ದರು. ಮೈಕ್ ಇದೆ, ಸದ್ದು ಮಾಡಬೇಡಿ ಎಂದು ಪ್ರಫುಲ್ಲಾ ಬೇಡಿಕೊಂಡ ಮೇಲೆ ಬರೀ ತಲೆ ಅಲ್ಲಾಡಿಸುತ್ತಿದ್ದರು. ಆದರೆ ಎಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ. ಪ್ರಫುಲ್ಲಾ ಒಂದೊಂದೇ ವಾಕ್ಯ ಕೇಳುತ್ತಾ ಹೋದಳು. ಮುನ್ನೂರ ನಲವತ್ತರಲ್ಲಿ ಐವತ್ತೊಂದು ಕಡೆ ಹೂಂ ಇತ್ತು.

ನಾಲ್ಕು ವರ್ಷದ ಹಿಂದೆ ಪಕ್ಕದಲ್ಲಿ ದೊಡ್ಡ ಕಟ್ಟಡ ಏಳತೊಡಗಿ, ಸುತ್ತಿಗೆಯ ಸದ್ದಿಗೆ ಮನೆಯ ಕೆಲಸ ನಿಂತಿತು. ಪ್ರಫುಲ್ಲಾ ಕಸ್ಬಾದ ಸ್ಟುಡಿಯೋ ಹಿಡಿದಳು. ಅಂದಿನಿಂದ ಗಾಜಿನ ಗೂಡಿನಲ್ಲಿ ಒಬ್ಬಳೇ. ಅಲ್ಲಿ ಸ್ಫೂರ್ತಿಯ ಕಂಪ್ಯೂಟರು ದನಿಯನ್ನು ತಾನಾಗಿಯೇ ತೊಳೆದು, ಉಸಿರನ್ನೂ ಬಿಡದೆ ಒರೆಸಿ ಕೊಡುತ್ತಿತ್ತು. ತನ್ನ ಮಾತು ಎದುರಿನವರಿಗೆ ಹೇಳಿದಂತಿದ್ದದ್ದು ಎದುರಿಗೆ ಒಬ್ಬರು ಇದ್ದದ್ದಕ್ಕೆ ಎಂದು ಅವಳಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅದು ತನ್ನದೇ ಜಾಣತನವೆಂದು ತಿಳಿದಿದ್ದಳು. ಈಗ ನಗು ಬಂತು, ಹಿಂದೆಯೇ ಇನ್ನೊಂದು ನೆನಪಾಯಿತು. ಬೇರೆ ಯಾವ ಸದ್ದೂ ಇರದ ಶುದ್ಧ ಧ್ವನಿಮುದ್ರಣ ಎಂದು ಅವಳು ಸಹಿ ಮಾಡಿ ಕೊಟ್ಟಿದ್ದಳು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಏನೇ ಇರಲಿ, ಮೊದಲು ಮಾತು ಕೂಡಬೇಕಲ್ಲ. ಮರುದಿನ ಸುಭದ್ರಾಬಾಯಿಯವರನ್ನು ಕಸ್ಬಾಕ್ಕೆ ಹೊರಡಿಸಿದಳು. ಅವರಿಗೀಗ ಎಂಬತ್ಮೂರು, ಮಂಡಿ ನೋವು, ಒಂದು ಕಿವಿ ಪೂರ್ತಿ ಮುಚ್ಚಿದೆ, ಇನ್ನೊಂದಕ್ಕೆ ಯಂತ್ರ. ಕೆಲಸವಿದೆ ಬನ್ನಿ ಅಂದದ್ದೇ ತಡ, ಇಳಕಲ್ ಸೀರೆ ಉಟ್ಟು ತಯಾರಾದರು. ಮೆಟ್ಟಿಲಿನಲ್ಲಿ ಎದುರಾದ ಕೆಳಮನೆಯ ಬಂಗಾಲಿ ಹೆಂಗಸು, ಎಲ್ಲಿಗೆ ಮಾಶಿಮಾ ಎಂದು ಕೇಳಿದಾಗ, "ಆಫೀಸ್" ಎಂದು ಗಂಭೀರವಾಗಿ ಹೇಳಿ ಇಳಿದರು.

ಸ್ಫೂರ್ತಿ ಗಾಜಿನ ಗೂಡಿನೊಳಗೆ ಇಬ್ಬರನ್ನು ಬಿಟ್ಟ ದಾಖಲೆಯೇ ಇಲ್ಲವೆಂದಳು. ಆಮೇಲೆ ಅಜ್ಜಿಯ ಮುಖ ನೋಡಿ, ತಾನೇ ಕುರ್ಚಿ ತಂದು ಹಾಕಿದಳು. ತೊಂದರೆ ಬಂದದ್ದು ಕಿವಿಯ ಯಂತ್ರದಿಂದ. ಮೈಕಿನ ಹತ್ತಿರ ಬಂದೊಡನೆ ಅದು ಕುಯ್ಯೆಂದು ಕೂಗತೊಡಗಿತು, ತೆಗೆಯಲೇಬೇಕಾಯಿತು. ಯಂತ್ರವಿಲ್ಲದಿದ್ದರೆ ಅತ್ತೆಗೆ ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆದರೂ ಕೇಳದು. ಕೇಳದವರು ಹೂಂಗುಟ್ಟುವುದು ಹೇಗೆ.

ಸುಭದ್ರಾಬಾಯಿ ಮಾತ್ರ ಯಂತ್ರವನ್ನು ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿ, ಸೊಸೆಯ ಮುಖದ ಮೇಲೆ ಕಣ್ಣು ನೆಟ್ಟು ಕೂತರು. ಪ್ರಫುಲ್ಲಾ ಮೊದಲ ವಾಕ್ಯ ಹೇಳಿದಳು: ನಿಮ್ಮ ಹೀಟ್ ಪಂಪಿನ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಹೆದರಬೇಡಿ, ಅದು ತಾನಾಗಿ ಕರಗುತ್ತದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲಿತ್ತು. ವಾಕ್ಯ ಮುಗಿದ ಕ್ಷಣಕ್ಕೆ ಸರಿಯಾಗಿ ಅತ್ತೆಯ ತಲೆ ಕೆಳಗಿಳಿದು ಮೇಲೆದ್ದಿತು. ಎರಡನೆಯದಕ್ಕೂ ಹಾಗೇ. ಅವರು ಎಂದೂ ಕಿವಿಯಿಂದ ಕೇಳಿರಲಿಲ್ಲ, ಸೊಸೆಯ ಮುಖ ನೋಡಿ ಕೇಳಿದ್ದರು. ಪ್ರಫುಲ್ಲಾಳಿಗೆ ಕಾಗದ ನೋಡುವ ಅಗತ್ಯವೇ ಬೀಳಲಿಲ್ಲ. ಚಳಿಯಲ್ಲಿ ಕೂತ ಯಾರೋ ಮುದುಕಿಗೆ ಸಮಾಧಾನ ಹೇಳುವಂತೆ ಒಂದಾದ ಮೇಲೊಂದು ವಾಕ್ಯಗಳು ಬಂದವು. ನಾಲ್ಕು ಕಡೆ ಅತ್ತೆಯ ಬಾಯಿಂದ ಹೂಂ ಹೊರಬಿದ್ದೇಬಿಟ್ಟಿತು. ತನಗೇ ಕೇಳದ್ದರಿಂದ ಅದು ಹಿಂದಿಗಿಂತ ಗಟ್ಟಿಯಾಗಿಯೇ ಇತ್ತು.

ಗಾಜಿನಾಚೆ ಸ್ಫೂರ್ತಿ ಹೆಬ್ಬೆರಳು ಎತ್ತಿ ತೋರಿಸಿದಳು. ಹೂಂಗಳನ್ನು ಒಂದು ನಿಮಿಷದಲ್ಲಿ ಅಳಿಸಿಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಅಂದಳು. ಪ್ರಫುಲ್ಲಾ, ಏನೂ ಅಳಿಸಬೇಡ, ತೊಳೆಯಲೂ ಬೇಡ, ಇದ್ದದ್ದು ಇದ್ದ ಹಾಗೆ ಕೊಡು ಎಂದಳು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿ, ಫ್ರಾವ್ ಲೂಡರ್ಸ್‌ಗೆ ನಿಜ ಬರೆಯುತ್ತೇನೆ ಅಂದಾಗ ಋಷಿಕೇಶ ತಟ್ಟೆಯಿಂದ ಕೈ ಎತ್ತಿದ.

"ಎಂಟು ವರ್ಷ ಯಾರೂ ಕೇಳಿಲ್ಲ, ಬಿಟ್ಟಿಲ್ಲ. ಇರಲಾರದ ಇರುವಿ ಬಿಟಗೊಂಡಂಗ ಆಗ್ತದ ನೋಡು. ಅಳಿಸಿ ಕಳಸು, ಸುಮ್ಮನಿರು."

"ಅಳಿಸಿದ್ರೆ ಅದು ಕೂಡಲ್ಲ ರೀ. ಅಳಿಸದೆ ಕಳಿಸಿದ್ರೆ ಯಾರದು ಅಂತ ಹೇಳಬೇಕಲ್ವಾ. ಇಷ್ಟು ವರ್ಷ ಆ ದನಿ ನನ್ನೊಬ್ಬಳದೇ ಅಂತ ಅಂದ್ಕೊಂಡಿದ್ದೆ."

ಫೈಲುಗಳ ಜೊತೆಗೆ ಪತ್ರ ಹೋಯಿತು. ಎಂಟು ವರ್ಷದ ಹಿಂದಿನ ಐವತ್ತೊಂದು, ಈಗಿನ ನಾಲ್ಕು, ಒಟ್ಟು ಐವತ್ತೈದು ಕಡೆ ಕೇಳುವ ಸದ್ದು ನನ್ನ ಅತ್ತೆಯದು ಎಂದು ಪ್ರಫುಲ್ಲಾ ಒಪ್ಪಿಕೊಂಡಳು. ನಮ್ಮಲ್ಲಿ ಒಬ್ಬರು ಹೇಳುವಾಗ ಇನ್ನೊಬ್ಬರು ಹೀಗೆ ಅನ್ನುವುದು ರೂಢಿ. ಅವರಿಲ್ಲದೆ ಮಾತಾಡಿದ್ದೇ ನಿಮಗೆ ಬೇರೆ ಹೆಂಗಸಿನಂತೆ ಕೇಳಿಸಿದ್ದು. ಇದನ್ನು ದೋಷವೆಂದು ಬಗೆದು ಎಲ್ಲವನ್ನೂ ತೆಗೆದುಹಾಕಿದರೆ ನಾನು ಆಕ್ಷೇಪಿಸುವುದಿಲ್ಲ. ಈ ಕೊನೆಯ ಸಾಲು ಶುದ್ಧ ಸುಳ್ಳು, ಆದರೆ ಪತ್ರಕ್ಕೆ ಒಪ್ಪುವಂತಿತ್ತು.

ನಾಲ್ಕು ದಿನ ಉತ್ತರವಿಲ್ಲ. ಪ್ರಫುಲ್ಲಾ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಋಷಿಕೇಶ ಎರಡು ಸಲವೂ ಬಾಯಿ ಮುಚ್ಚಿಕೊಂಡು ಉಂಡ. ಐದನೇ ದಿನ ಫ್ರಾವ್ ಲೂಡರ್ಸ್ ಬರೆದರು. ಆ ಸದ್ದು ಕಚೇರಿಯಲ್ಲಿ ಎಲ್ಲರಿಗೂ ಎಂಟು ವರ್ಷದಿಂದ ಗೊತ್ತಂತೆ. ಅದನ್ನು ಪ್ರಫುಲ್ಲಾಳ ಗಂಟಲಿನದೇ ಅಭ್ಯಾಸವೆಂದು ತಿಳಿದಿದ್ದರಂತೆ. ಹೊಸ ವಾಕ್ಯಗಳಲ್ಲಿ ಅದು ಕಾಣೆಯಾದದ್ದು ಗೊತ್ತಾದರೂ, ನಿಮ್ಮ ಗಂಟಲಿನ ಸದ್ದು ವಾಪಸ್ ಹಾಕಿಕೊಡಿ ಎಂದು ಒಬ್ಬ ಕಸುಬುದಾರಳನ್ನು ಕೇಳುವುದು ಹೇಗೆಂದು ಸಂಕೋಚಪಟ್ಟರಂತೆ. ರಿಪೇರಿಗೆ ಹೋಗುವ ನಮ್ಮ ಹುಡುಗರು ಕಚೇರಿಗೆ ಫೋನ್ ಮಾಡಿದಾಗ ಅದಕ್ಕಾಗಿ ಕಾಯುತ್ತಾರೆ, ಅದು ಕೇಳಿದ ಮೇಲೆ ಕಾಯುವುದು ಕಷ್ಟವಾಗುವುದಿಲ್ಲ, ಯಾರೋ ಇದ್ದಾರೆ ಅನ್ನಿಸುತ್ತದೆ ಎಂದಿದ್ದರು. ಹಿಂದಿನ ಎರಡು ಸಲ ನೀವು ಗೋಡೆಗೆ ಮಾತಾಡಿದಂತಿತ್ತು, ಈ ಸಲ ನೀವೇ ಬಂದಿದ್ದೀರಿ. ಎಲ್ಲವೂ ಹಾಗೇ ಇರುತ್ತದೆ. ಹೊಸ ವಾಕ್ಯಗಳು ಮಂಗಳವಾರ ಫೋನಿಗೆ ಏರುತ್ತವೆ.

ಗೋಡೆ ಎಂಬ ಮಾತಿಗೆ ಬಂದಾಗ ಪ್ರಫುಲ್ಲಾ ನಿಂತುಬಿಟ್ಟಳು. ಅತ್ತೆ ಎಂಟು ವರ್ಷದ ಹಿಂದೆ ಹೇಳಿದ್ದನ್ನೇ ಬ್ರೆಮೆನ್ ಪಕ್ಕದ ಹೆಂಗಸು ಬರೆದಿದ್ದರು. ಸಂತೋಷಕ್ಕೆ ಕುಣಿಯುವಂತಾಯಿತು. ಆ ಸಂತೋಷದ ಮೂಲೆಯಲ್ಲಿ ಒಂಚೂರು ಹೊಟ್ಟೆಕಿಚ್ಚೂ ಇತ್ತು. ಮುನ್ನೂರ ನಲವತ್ತು ವಾಕ್ಯ ಹೇಳಿದವಳು ತಾನು, ಜನ ಕಾಯುವುದು ಅತ್ತೆಯ ಒಂದಕ್ಷರಕ್ಕೆ. ಆದರೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅತ್ತೆ ಪ್ರತಿ ಸಾಲಿಗೂ ತಲೆಯಾಡಿಸುತ್ತಾ ಕೇಳಿದ ಪರಿ ನೋಡಿ, ಆ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಂಗಳವಾರ ಋಷಿಕೇಶ ಅರ್ಧ ದಿನ ರಜೆ ಹಾಕಿ ಬಂದ. ಇರುವೆ ಬಿಟ್ಟುಕೊಂಡ ವಿಷಯ ಯಾರೂ ಎತ್ತುವ ಮೊದಲೇ, ಜರ್ಮನಿಗೆ ಫೋನ್ ಮಾಡಿ ಕೇಳೋಣ ಎಂದು ತಾನೇ ಹೊರಟ. ಮಧ್ಯಾಹ್ನ ಮೂರು ಗಂಟೆಗೆ ಮೂವರೂ ಹಾಸಿಗೆಯ ಮೇಲೆ ಕೂತರು. ಸುಭದ್ರಾಬಾಯಿಯವರ ಕಿವಿಗೆ ಯಂತ್ರ ಸಿಕ್ಕಿಸಿ, ಫೋನಿನ ಸ್ಪೀಕರ್ ಹಾಕಿ, ಅವರ ಮಡಿಲಲ್ಲೇ ಇಟ್ಟದ್ದಾಯಿತು. ಆ ಕಡೆ ಫೋನು ರಿಂಗಾಯಿತು. ಪ್ರಫುಲ್ಲಾಳ ದನಿ ಬಂತು.

ಸೊಸೆ ಎದುರಿಗೆ ಬಾಯಿ ಮುಚ್ಚಿ ಕೂತಿದ್ದಾಳೆ, ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಸುಭದ್ರಾಬಾಯಿ ಒಮ್ಮೆ ಇತ್ತ, ಒಮ್ಮೆ ಅತ್ತ ನೋಡಿದರು. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ಎಂಬ ವಾಕ್ಯ ಬಂದು ಮುಗಿಯಿತು, ಅದರ ಹಿಂದೆಯೇ ಸಣ್ಣಗೆ ಹೂಂ ಸುಳಿಯಿತು.

"ಯಾರೋ ಮುದುಕಿ ಹೂಂ ಅಂದ್ಳಲ್ಲ," ಅಂದರು ಸುಭದ್ರಾಬಾಯಿ.

ಅದು ನೀವೇ ಎಂದಾಗ ಅವರು ನಂಬಲಿಲ್ಲ. ತನ್ನ ದನಿ ಅಷ್ಟು ಮುದಿಯಾಗಿಲ್ಲವೆಂದರು. ಅದಿರಲಿ, ಆ ಮಾತಿನ ಅರ್ಥವೇನೆಂದು ಕೇಳಿದರು. ಎಂಟು ವರ್ಷದಲ್ಲಿ ಅವರು ಅರ್ಥ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದನ್ನು ಒತ್ತಿ ಎಂದರ್ಥ ಅಂದಳು ಪ್ರಫುಲ್ಲಾ.

"ಹಂಗಾರ ಒತ್ತಬೇಕಲ್ಲ. ನಾ ಇದ್ದೇನಲ್ಲ," ಎಂದವರೇ, ಯಾರಾದರೂ ತಡೆಯುವಷ್ಟರಲ್ಲಿ ಒಂದನ್ನು ಒತ್ತಿಬಿಟ್ಟರು.

ಋಷಿಕೇಶ ಫೋನಿಗೆ ಕೈ ಚಾಚಿದ. ಅಷ್ಟರಲ್ಲಿ ಆ ಕಡೆಯಿಂದ ನಿಜವಾದ ಒಬ್ಬ ಹುಡುಗಿ, ಎಳೆಯ ದನಿಯವಳು, ಕಂಪನಿಯ ಹೆಸರು, ತನ್ನ ಹೆಸರು, ನಮಸ್ಕಾರ, ತಮಗೇನು ಸಹಾಯ ಮಾಡಲಿ ಎಂದು ಉದ್ದಕ್ಕೆ ಹೇಳಿ ನಿಲ್ಲಿಸಿದಳು. ಮಾತು ಮುಗಿದದ್ದು ಸುಭದ್ರಾಬಾಯಿಯವರಿಗೆ ತಿಳಿಯಿತು.

"ಹೂಂ," ಅಂದರು.

ಆ ಕಡೆ ಹುಡುಗಿ ಪುಟ್ಟದಾಗಿ ನಕ್ಕು ಏನೋ ಅಂದಳು.

"ಏನಂದ್ಳು?" ಎಂದು ಅತ್ತೆ ಕೇಳಿದರು.

"ಓ, ನೀವೇನಾ, ಅಂದಳು ಅತ್ತೆ. ನಿಮ್ಮ ಗುರುತು ಹಿಡಿದಳು."

ಸುಭದ್ರಾಬಾಯಿ ಸೆರಗು ಸರಿಮಾಡಿಕೊಂಡರು. ಇದರಲ್ಲಿ ಅವರಿಗೆ ಆಶ್ಚರ್ಯವೇನೂ ಕಂಡಂತಿರಲಿಲ್ಲ. ಎಂಟು ವರ್ಷದ ಪರಿಚಯವಿದ್ದವರು ಗುರುತು ಹಿಡಿಯದೆ ಇರುತ್ತಾರೆಯೇ.

"ಊಟ ಆತೇನಂತ ಕೇಳು ಆ ಹುಡುಗಿಗೆ," ಅಂದರು.

ಪ್ರಫುಲ್ಲಾ ಕೇಳಿದಳು. ಇನ್ನೂ ಆಗಿಲ್ಲವಂತೆ, ಅಲ್ಲಿ ಈಗ ಹನ್ನೊಂದೂವರೆಯಂತೆ.